ಬಲಕ್ಕೆ ತಿರುಗಿದ ಬೆಳಕು

ನಾನು ಹೆದರುವ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ತಲೆ ನರೆಯುವಷ್ಟು ವರ್ಷ ರಸಾಯನಶಾಸ್ತ್ರ ಕಲಿಸಿದ್ದೇನೆ, ಈಗಲೂ ಕಲಿಸುತ್ತಿದ್ದೇನೆ. ಗಂಧಕಾಮ್ಲದ ಬಾಟಲಿ ಎತ್ತುವಾಗ ನನ್ನ ಕೈ ನಡುಗುವುದಿಲ್ಲ. ಪ್ರಯೋಗಾಲಯದಲ್ಲಿ ಒಮ್ಮೆ ಬೀಕರಿಗೆ ಬೆಂಕಿ ಹತ್ತಿದಾಗ ಮರಳಿನ ಬಕೆಟ್ ಎತ್ತಿ ಸುರಿದು, ಹಚ್ಚಿದವನಿಗೆ ಎರಡು ಮಾತು ಬೈದು, ಪಾಠ ಮುಂದುವರಿಸಿದವಳು ನಾನು. ಆದರೆ ಮನೆಯವರು ಅಂಗಡಿ ಮುಚ್ಚಿ ಬರುವುದು ಸ್ವಲ್ಪ ತಡವಾದರೆ ಸಾಕು, ಫೋನ್ ಮಾಡುತ್ತೇನೆ. ಎತ್ತದಿದ್ದರೆ ಹೋಗಿ ಗೇಟಿನ ಬಳಿ ನಿಲ್ಲುತ್ತೇನೆ.

ವಿಜ್ಞಾನ ಓದಿದವರಿಗೆ ಹೆದರಿಕೆ ಕಡಿಮೆ ಎಂದು ಜನ ತಿಳಿದಿದ್ದಾರೆ. ಶುದ್ಧ ಸುಳ್ಳು. ಓದದವರು ಹಾವಿಗೆ ಹೆದರುತ್ತಾರೆ, ಸಿಡಿಲಿಗೆ ಹೆದರುತ್ತಾರೆ. ಹಾವು ಹೋದ ಮೇಲೆ, ಸಿಡಿಲು ನಿಂತ ಮೇಲೆ ಊಟ ಮಾಡಿ ಮಲಗುತ್ತಾರೆ. ನಾನು ಕಣ್ಣಿಗೆ ಕಾಣದ್ದಕ್ಕೆ ಹೆದರುತ್ತೇನೆ. ಬಸಳೆಯ ಮೇಲೆ ಹೊಡೆದ ಔಷಧಿಗೆ, ಹಿತ್ತಾಳೆ ಪಾತ್ರೆಯ ಕಲಾಯಿ ಹೋದ ಜಾಗಕ್ಕೆ, ಮಾತ್ರೆಯ ಹಿಂದೆ ಇರುವೆ ಸಾಲಿನಂತೆ ಬರೆದಿರುವ ಅಕ್ಷರಗಳಿಗೆ. ಅದು ಯಾವಾಗ ಬಂತು, ಯಾವಾಗ ಹೋಯಿತು ಎಂದು ಗೊತ್ತಾಗುವುದೇ ಇಲ್ಲವಲ್ಲ.

ನನ್ನ ಅತಿ ದೊಡ್ಡ ಹೆದರಿಕೆ ಬಂದದ್ದು ನಾನು ಪ್ರತಿ ವರ್ಷ ಖುಷಿಯಿಂದ ಕಲಿಸುತ್ತಿದ್ದ ಪಾಠದಿಂದ. ಅಣುಗಳಿಗೂ ಎಡಗೈ ಬಲಗೈ ಉಂಟು ಎನ್ನುವ ಪಾಠ. ಅದಕ್ಕೆಂದು ಮನೆಯಿಂದ ಒಂದು ಹಿಡಿ ಪುದೀನ ಸೊಪ್ಪನ್ನೂ ಒಂದು ಪೊಟ್ಟಣ ಸಬ್ಬಸಿಗೆ ಬೀಜವನ್ನೂ ತೆಗೆದುಕೊಂಡು ಹೋಗುತ್ತಿದ್ದೆ. ಮಕ್ಕಳ ಕೈಗೆ ಕೊಟ್ಟು ತಿಕ್ಕಿ ಮೂಸಿ ನೋಡಲು ಹೇಳುತ್ತಿದ್ದೆ. ಎರಡರ ವಾಸನೆಗೂ ಮುಖ್ಯ ಕಾರಣ ಒಂದೇ ಅಣು. ಅದೇ ಇಂಗಾಲ, ಅದೇ ಜಲಜನಕ, ಅದೇ ಆಮ್ಲಜನಕ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎನ್ನುವುದೂ ಅದೇ. ಒಂದು ಇನ್ನೊಂದರ ಕನ್ನಡಿಯ ಬಿಂಬ, ಅಷ್ಟೇ ವ್ಯತ್ಯಾಸ. "ಕೈ ಮುಗಿಯಿರಿ," ಎನ್ನುತ್ತಿದ್ದೆ. ಮುಗಿಯುತ್ತಿದ್ದರು. "ಎರಡೂ ಸರಿಯಾಗಿ ಕೂಡಿತಲ್ಲ? ಈಗ ಒಂದರ ಬೆನ್ನ ಮೇಲೆ ಇನ್ನೊಂದರ ಅಂಗೈ ಇಡಿ." ಹೆಬ್ಬೆರಳುಗಳು ಆಚೆಗೊಂದು ಈಚೆಗೊಂದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಮೂಗಿಗೆ ಅದು ಗೊತ್ತು, ಆದ್ದರಿಂದ ಒಂದನ್ನು ಪುದೀನ ಎನ್ನುತ್ತದೆ, ಇನ್ನೊಂದನ್ನು ಸಬ್ಬಸಿಗೆ ಎನ್ನುತ್ತದೆ. ಶಂಖದಲ್ಲಿ ಬಲಮುರಿ ಎಡಮುರಿ ಎನ್ನುತ್ತೇವಲ್ಲ, ಹಾಗೆ.

ಒಮ್ಮೆ ಈ ಪಾಠವನ್ನು ಮನೆಯವರಿಗೂ ಮಾಡಿದ್ದೆ. ಅವರು ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಸ್ವಲ್ಪ ಹೊತ್ತು ಕೇಳಿ, "ಇದಕ್ಕೆ ಇಷ್ಟು ಓದಬೇಕಾ ಮಾರಾಯ್ತಿ? ನಾನು ಎಡಗೈಯಲ್ಲಿ ಚಿಲ್ಲರೆ ಕೊಟ್ಟರೆ ಗಿರಾಕಿ ತೆಗೆದುಕೊಳ್ಳೋದಿಲ್ಲ. ಅದೇ ಕೈ, ಅದೇ ಹತ್ತು ರೂಪಾಯಿ," ಎಂದರು. ಮನೆಯಲ್ಲಿ ನಮ್ಮದು ತುಳು. ಅವರ ಮಾತನ್ನು ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ, ಅರ್ಧ ರುಚಿ ದಾರಿಯಲ್ಲೇ ಹೋಯಿತು.

ಪಾಠದ ಕೊನೆಗೆ ಒಂದು ಉದಾಹರಣೆ ಇಟ್ಟುಕೊಂಡಿದ್ದೆ. ಪಠ್ಯಪುಸ್ತಕದಲ್ಲಿ ಒಂದೇ ಸಾಲು ಇದ್ದದ್ದು. ಅದನ್ನು ನಾಟಕ ಮಾಡಿದವಳು ನಾನು. ಕ್ಷಯಕ್ಕೆ ಕೊಡುವ ಒಂದು ಮಾತ್ರೆ ಉಂಟು, ಇಥಾಂಬುಟಾಲ್. ಅದರ ಬಲಮುರಿ ರೋಗ ವಾಸಿ ಮಾಡುತ್ತದೆ. ಇಷ್ಟು ಹೇಳಿ ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, ಕಿಟಕಿಯ ಕಡೆ ನೋಡಿ ಹೇಳುತ್ತಿದ್ದೆ: "ಅದರ ಎಡಮುರಿ ಕಣ್ಣು ತೆಗೆಯುತ್ತದೆ." ತರಗತಿ ಗಪ್‌ಚಿಪ್ ಆಗುತ್ತಿತ್ತು. ಆ ನಿಶ್ಶಬ್ದ ನನಗೆ ತುಂಬ ಇಷ್ಟವಾಗುತ್ತಿತ್ತು.

ಈಗ ಮನೆಯವರ ಕೆಲಸದ ವಿಷಯ ಹೇಳಬೇಕು. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಮ್ಯಾಚಿಂಗ್ ಸೆಂಟರ್. ರವಿಕೆ ಕಣ, ಸೀರೆಯ ಫಾಲ್, ಲೈನಿಂಗ್, ಅಷ್ಟೇ ವ್ಯಾಪಾರ. ಸೀರೆ ಎಲ್ಲಿಯಾದರೂ ಕೊಳ್ಳಲಿ, ಮೊಬೈಲಿನಲ್ಲಿ ಬೇಕಾದರೂ ತರಿಸಲಿ, ಅದಕ್ಕೆ ಕಣ ಹೊಂದಿಸಲು ಹೆಂಗಸರು ನಮ್ಮ ಅಂಗಡಿಗೇ ಬರುತ್ತಾರೆ. ಬೆಳುವಾಯಿ, ಶಿರ್ತಾಡಿ ಹೇಗೂ ಹತ್ತಿರ. ಮುಂಡಾಜೆಯ ಕಡೆಯಿಂದಲೂ ಮದುವೆ ಜವಳಿ ಹೊತ್ತುಕೊಂಡು ಬಂದವರಿದ್ದಾರೆ. ಮನೆಯವರ ಬಾಯಲ್ಲಿ ಬರೀ ಕೆಂಪು ಎನ್ನುವ ಬಣ್ಣವೇ ಇಲ್ಲ. ಕುಂಕುಮ ಕೆಂಪು, ದಾಸವಾಳ ಕೆಂಪು, ಪುನರ್ಪುಳಿ ಹಣ್ಣಿನ ಕಡು ಕೆಂಪು, ಹಂಚಿನ ಕೆಂಪು. ಕಣವನ್ನು ಸೀರೆಯ ಸೆರಗಿಗೆ ತಾಗಿಸಿ, ಗಿರಾಕಿಯನ್ನೂ ಕರೆದುಕೊಂಡು ಬಾಗಿಲ ಹೊರಗೆ ಬಿಸಿಲಿಗೆ ಹಿಡಿದು ತೋರಿಸುತ್ತಾರೆ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಒಪ್ಪಿಕೊಳ್ಳುವ ಹೆಂಗಸಿಗೆ ಅವರಲ್ಲಿ ಮರ್ಯಾದೆ ಇಲ್ಲ. ಆಸಿಡ್ ಬಿದ್ದು ತೂತಾದ ನನ್ನ ಸೀರೆಗಳನ್ನು ನೋಡಿ, "ಈ ತೂತಿಗೆ ಮಾತ್ರ ನನ್ನಲ್ಲಿ ಮ್ಯಾಚಿಂಗ್ ಇಲ್ಲ," ಎಂದು ಗೇಲಿ ಮಾಡುತ್ತಿದ್ದರು.

ಅವರ ಕುತ್ತಿಗೆಯ ಬದಿಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ನೋವಿರಲಿಲ್ಲ. ಶೀತದ ಗಂಟು ಎಂದು ಬಿಟ್ಟರು. ಅದು ಇಳಿಯಲಿಲ್ಲ, ಪಕ್ಕದಲ್ಲಿ ಇನ್ನೊಂದು ಎದ್ದಿತು. ಬಂಟ್ವಾಳದ ಒಬ್ಬ ಡಾಕ್ಟರರ ಹತ್ತಿರ ಹೋದೆವು. ಮೂಡುಬಿದಿರೆಯಲ್ಲೇ ಡಾಕ್ಟರರಿಗೆ ಬರವೇನಿಲ್ಲ. ಆದರೆ ಇಲ್ಲಿ ಕಾಯುವ ಬೆಂಚಿನಲ್ಲಿ ಕೂತವರಲ್ಲಿ ಅರ್ಧ ಜನ ಮನೆಯವರ ಅಂಗಡಿಯ ಗಿರಾಕಿಗಳು, ಸುದ್ದಿ ಹಬ್ಬಲು ಹೊತ್ತು ಬೇಡ. ಬಂಟ್ವಾಳದ ಡಾಕ್ಟರು ಗಂಟಿಗೆ ಸೂಜಿ ಹಾಕಿ ದ್ರವ ತೆಗೆದು ಪರೀಕ್ಷೆ ಮಾಡಿಸಿದರು. ಗ್ರಂಥಿಯ ಕ್ಷಯ ಎಂದು ಬಂತು. "ಕೆಮ್ಮಿನಿಂದ ಹರಡುವ ಜಾತಿಯದ್ದಲ್ಲ, ಗುಣವಾಗ್ತದೆ, ಮಾತ್ರೆ ಮಾತ್ರ ತಪ್ಪಿಸಬಾರದು," ಎಂದರು ಡಾಕ್ಟರು. ಮನೆಯವರ ಮುಖ ಸುಣ್ಣ ಬಳಿದ ಹಾಗಾಯಿತು. ಅವರ ಅಪ್ಪ ಹೋದದ್ದು ಅದರಿಂದಲೇ. ಇವರಿಗೆ ಆಗ ಬುದ್ಧಿ ಬರುವ ವಯಸ್ಸು. ಅಪ್ಪನ ಬಟ್ಟಲು, ಲೋಟ, ಚಾಪೆ ಎಲ್ಲ ಬೇರೆ ಇಟ್ಟದ್ದು, ಹತ್ತಿರ ಹೋದರೆ ಅಜ್ಜಿ ಕೈ ಹಿಡಿದು ಎಳೆದದ್ದು ಇವರಿಗೆ ಇನ್ನೂ ನೆನಪಿದೆ. ಅವರು ಅದನ್ನು ನನಗೆ ಹೇಳಿದ್ದು ಮದುವೆಯಾಗಿ ಎಷ್ಟೋ ಕಾಲದ ಮೇಲೆ.

ಅವರು ಕ್ಷಯಕ್ಕೆ ಹೆದರಿದರು. ನಾನು ಮೇಜಿನ ಈಚೆ ಕೂತು ತಲೆಕೆಳಗಾಗಿ ಚೀಟಿ ಓದುತ್ತಿದ್ದೆ. ಮೂರನೆಯ ಸಾಲಿನಲ್ಲಿ ಆ ಹೆಸರು ಇತ್ತು, ಇಥಾಂಬುಟಾಲ್. ಪುಸ್ತಕದೊಳಗಿನ ಒಂದು ಸಾಲು ಎದ್ದು ಬಂದು ನನ್ನ ಮನೆಯ ಬಾಗಿಲು ಬಡಿದ ಹಾಗಾಯಿತು. "ಕಣ್ಣಿನಲ್ಲಿ ಏನಾದರೂ ವ್ಯತ್ಯಾಸ ಕಂಡರೆ ಕೂಡಲೇ ತಿಳಿಸಬೇಕು," ಎಂದು ಡಾಕ್ಟರು ಹೇಳಿದ್ದು ಕೇಳಿಸಿತು. ಅದು ಕಳಪೆ ಮಾಲಿನ ಬಗ್ಗೆ ಕೊಡುವ ಎಚ್ಚರಿಕೆ ಎಂದು ನನ್ನ ತಲೆ ತಾನೇ ಅರ್ಥ ಮಾಡಿಕೊಂಡಿತು. ಎಡಮುರಿ ಬೆರೆತ ಮಾಲು. ಬೇರೆ ಅರ್ಥ ಇರಬಹುದೆಂದು ಹೊಳೆಯಲೇ ಇಲ್ಲ. ವಾಪಸು ಬರುವಾಗ ಸಿದ್ದಕಟ್ಟೆಯ ದಾರಿಯಲ್ಲಿ ಬಸ್ಸಿನ ಕಿಟಕಿ ತೆರೆದೇ ಇತ್ತು, ಆದರೂ ನಾನು ಬೆವರುತ್ತಿದ್ದೆ. "ರೋಗ ನನಗಾ ನಿನಗಾ?" ಎಂದು ಮನೆಯವರು ಕೇಳಿದರು.

ಬೆಳಿಗ್ಗೆ ಅವರು ಮಾತ್ರೆ ನುಂಗುವಾಗ ನಾನು ಎದುರಿಗೇ ನಿಲ್ಲುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ. ಮೊದಲ ವಾರ ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದು ಅವರು ಬೆಚ್ಚಿದಾಗ, ಅದು ಇನ್ನೊಂದು ಮಾತ್ರೆಯ ಬಣ್ಣ, ಹೆದರಬೇಡಿ ಎಂದೆ. ನಾನು ಇನ್ನೊಬ್ಬರಿಗೆ ಹೆದರಬೇಡಿ ಎಂದದ್ದು ಅದೊಂದೇ ಸಲ ಇರಬೇಕು. ಗಂಟುಗಳು ಮೆಲ್ಲಗೆ ಇಳಿದವು. ಊಟ ಸೇರಿತು, ಕೆನ್ನೆ ತುಂಬಿತು. ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು, ಆದರೆ ಇಥಾಂಬುಟಾಲ್ ಮುಂದುವರಿಯಿತು. ನಾನು ರಾಹುಕಾಲ ಕಳೆಯಲು ಕಾಯುವವರ ಹಾಗೆ ಕೋರ್ಸು ಮುಗಿಯುವುದನ್ನೇ ಕಾಯುತ್ತಿದ್ದೆ.

ಆಗ ಶಿರ್ತಾಡಿಯ ಒಬ್ಬ ಟೀಚರಮ್ಮ ಅಂಗಡಿಗೆ ವಾಪಸು ಬಂದರು. ನಾನೂ ಅಲ್ಲೇ ಇದ್ದೆ. ಪುನರ್ಪುಳಿ ಕೆಂಪು ಸೀರೆಗೆ ಇವರು ಕಾಫಿ ಪುಡಿಯ ಬಣ್ಣದ ಕಣ ಕೊಟ್ಟಿದ್ದರು. "ಏನು ಅಣ್ಣ, ನಿಮ್ಮಿಂದ ಹೀಗೆ ಆಗ್ಲಿಕ್ಕುಂಟಾ?" ಎಂದು ಆಕೆ ನಗುತ್ತಲೇ ಕೇಳಿದರು. ಇವರೂ ನಕ್ಕು, ಟ್ಯೂಬ್‌ಲೈಟ್ ಹಳೆಯದಾಯಿತು, ಮಳೆಗಾಲದ ಮೋಡ ಬೇರೆ ಎಂದು ಸಮಜಾಯಿಷಿ ಕೊಟ್ಟು ಬೇರೆ ಕಣ ಕೊಟ್ಟರು. ಆಕೆ ಹೋದ ಮೇಲೆ ಕೇಳಿದೆ, "ಕಣ್ಣು ಹೇಗುಂಟು?"

"ಕಣ್ಣು ಮುಖದಲ್ಲೇ ಉಂಟು."

"ತಮಾಷೆ ಬೇಡ. ಮಂಜು ಉಂಟಾ? ಬಣ್ಣ ಸರಿ ಕಾಣ್ತದಾ?"

"ಎಲ್ಲ ಕಾಣ್ತದೆ. ವಯಸ್ಸಾಯ್ತು, ಕನ್ನಡಕ ಬದಲಿಸಬೇಕು. ಹಬ್ಬದ ಸೀಸನ್ ಮುಗಿಯಲಿ, ಕಣ್ಣಿನ ಡಾಕ್ಟರ ಹತ್ತಿರ ಹೋಗುವ."

ಮರುದಿನವೇ ಅಂಗಡಿಗೆ ಹೊಸ ಎಲ್‌ಇಡಿ ಟ್ಯೂಬ್ ಹಾಕಿಸಿದೆ. ಅವರು ಬೇಡ ಎನ್ನಲಿಲ್ಲ. ಅಲ್ಲಿಂದ ನನ್ನ ನಿದ್ದೆ ಹೋಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಾ ಅರ್ಧಕ್ಕೇ ನಿಂತುಬಿಡುತ್ತಿದ್ದೆ. ಬೇರೆ ಯಾವ ಹೆಂಡತಿಯಾದರೂ ಗಂಡನ ಕೈ ಹಿಡಿದು ಎಳೆದುಕೊಂಡಾದರೂ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ನಾನು ರಸಾಯನಶಾಸ್ತ್ರದವಳು. ಆ ತಿಂಗಳು ಮೆಡಿಕಲ್‌ನವರು ಬೇರೆ ಕಂಪೆನಿಯ ಸ್ಟ್ರಿಪ್ ಕೊಟ್ಟಿದ್ದರು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮಾತ್ರೆಯಲ್ಲಿ ಎಡಮುರಿ ಬೆರೆತಿದೆ, ಅದನ್ನು ಕಂಡುಹಿಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಹೆದರಿದಾಗ ಪ್ರತಿಯೊಬ್ಬರೂ ತಮಗೆ ಗೊತ್ತಿರುವ ಬಾಗಿಲನ್ನೇ ತಟ್ಟುವುದು. ಇನ್ನೊಂದು ಸ್ಟ್ರಿಪ್ ಕೊಂಡು ಬ್ಯಾಗಿನಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದೆ.

ಎಡ ಬಲ ನೋಡಲು ನಮ್ಮಲ್ಲಿ ಒಂದು ಹಳೆಯ ಯಂತ್ರ ಉಂಟು, ಪೋಲಾರಿಮೀಟರ್. ಉದ್ದನೆಯ ಹಿತ್ತಾಳೆ ಕೊಳವೆ, ಒಂದು ತುದಿಯಲ್ಲಿ ಹಳದಿ ಸೋಡಿಯಂ ದೀಪ, ಇನ್ನೊಂದು ತುದಿಯಲ್ಲಿ ಕಣ್ಣಿಡುವ ಜಾಗ, ಸುತ್ತ ಡಿಗ್ರಿ ಗುರುತು ಕೆತ್ತಿದ ಬಳೆ. ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ದ್ರಾವಣದೊಳಗೆ ಹಾಯಿಸಿದರೆ ಬಲಮುರಿ ಅಣುಗಳು ಅದನ್ನು ಬಲಕ್ಕೆ ತಿರುಗಿಸುತ್ತವೆ, ಎಡಮುರಿ ಎಡಕ್ಕೆ. ಎರಡೂ ಸಮವಾಗಿ ಬೆರೆತಿದ್ದರೆ ಒಂದು ಎಳೆದದ್ದನ್ನು ಇನ್ನೊಂದು ಹಿಂದಕ್ಕೆ ಎಳೆದು ಬೆಳಕು ಇದ್ದಲ್ಲೇ ಇರುತ್ತದೆ. ಬೇರೆ ಎಲ್ಲ ಪರೀಕ್ಷೆಗಳಲ್ಲಿ ಸೊನ್ನೆ ಬಂದರೆ ನೆಮ್ಮದಿ. ಈ ಪರೀಕ್ಷೆಯಲ್ಲಿ ನಾನು ಹೆದರುತ್ತಿದ್ದದ್ದು ಸೊನ್ನೆಗೆ.

ಮಾತ್ರೆಯಲ್ಲಿ ಔಷಧಿಯ ಜೊತೆ ಪಿಷ್ಟ, ಹಾಲಿನ ಸಕ್ಕರೆ ಎಲ್ಲ ಇರಬಹುದು, ಸಕ್ಕರೆಯೂ ಬೆಳಕನ್ನು ತಿರುಗಿಸುವ ಜಾತಿಯದ್ದೇ. ಹಾಗಾಗಿ ಮಾತ್ರೆ ಕುಟ್ಟಿ, ಸ್ಪಿರಿಟ್‌ನಲ್ಲಿ ಕದಡಿ, ಸೋಸಿ, ಆರಿಸಿ, ಔಷಧಿಯನ್ನು ಮಾತ್ರ ಬಿಳಿ ಹರಳಾಗಿ ಬೇರ್ಪಡಿಸಿದೆ. ಪಾಠವಿಲ್ಲದ ಗಂಟೆಗಳಲ್ಲಿ ಮಾಡಿದ ಕೆಲಸ. ಸಹೋದ್ಯೋಗಿಗಳು ಕೇಳಿದರೆ ಪ್ರಾಜೆಕ್ಟ್ ಎಂದೆ. ಹರಳು ಹೊಳೆಯುತ್ತಿತ್ತು. ಅದನ್ನು ಗಾಜಿನ ತಟ್ಟೆಯಲ್ಲಿ ನೋಡುತ್ತಾ, ನೀನು ಯಾವ ಕೈಯವನು ಎಂದು ಮನಸ್ಸಿನಲ್ಲೇ ಕೇಳುತ್ತಿದ್ದೆ.

ಅಳತೆ ನೋಡಿದ್ದು ಒಂದು ಶನಿವಾರ ಮಧ್ಯಾಹ್ನ. ಮರುದಿನ ಬೆಳ್ತಂಗಡಿಯಲ್ಲಿ ತಂಗಿಯ ಮಗಳ ನಿಶ್ಚಿತಾರ್ಥ. ಕಾಲೇಜಿನಿಂದ ನೇರ ಬಸ್ಸು ಹತ್ತುವುದೆಂದು ಮಾತಾಗಿತ್ತು. ಅದಕ್ಕೆಂದು ನಾನು ದಾಸವಾಳ ಕೆಂಪಿನ ಸೀರೆ ಉಟ್ಟುಕೊಂಡೇ ಬಂದಿದ್ದೆ. ಅದು ಮನೆಯವರೇ ಆರಿಸಿದ ಸೀರೆ, ಕಣವೂ ಅವರೇ ಹೊಂದಿಸಿದ್ದು. ಮಕ್ಕಳೆಲ್ಲ ಹೋಗಿಯಾಗಿತ್ತು. ಕತ್ತಲೆ ಕೋಣೆಯ ಬಾಗಿಲು ಹಾಕಿ ದೀಪ ಹೊತ್ತಿಸಿದೆ. ಅದು ಮೊದಲು ಗುಲಾಬಿಯಾಗಿ ಉರಿದು, ಬಿಸಿಯೇರಿದ ಮೇಲೆ ಹಳದಿಗೆ ತಿರುಗುತ್ತದೆ. ಅಷ್ಟರಲ್ಲಿ ಅಂಗಡಿ ಮುಚ್ಚಿ ಬ್ಯಾಗು ಹಿಡಿದುಕೊಂಡು ಅವರು ಬಂದರು. "ಇದೇನು, ಇಷ್ಟು ಹಳದಿ?" ಎಂದರು. ಸ್ವಲ್ಪ ಕೂತುಕೊಳ್ಳಿ, ಮಾತಾಡಬೇಡಿ ಎಂದು ಸ್ಟೂಲು ತೋರಿಸಿದೆ.

ಮೊದಲು ಬರೀ ನೀರು ಹಾಕಿ ನೋಡಿದೆ, ಸೊನ್ನೆ. ಆಮೇಲೆ ನನ್ನ ದ್ರಾವಣ. ಕೊಳವೆಯಲ್ಲಿ ಗುಳ್ಳೆ ಉಳಿಯದ ಹಾಗೆ ಮುಚ್ಚುವಾಗ ಎರಡು ಹನಿ ಚೆಲ್ಲಿತು. ಕಣ್ಣಿಟ್ಟೆ. ಒಳಗೆ ದುಂಡಗಿನ ಬೆಳಕಿನ ಎರಡು ಹೋಳುಗಳು, ಒಂದು ಗಾಢ, ಒಂದು ತಿಳಿ. ಎರಡೂ ಸಮವಾಗುವವರೆಗೆ ಬಳೆ ತಿರುಗಿಸಬೇಕು. ತಿರುಗಿಸಿದೆ. ಬಲಕ್ಕೆ ಹೋಯಿತು. ಸ್ವಲ್ಪವೇ, ಆದರೆ ಈ ಔಷಧಿ ತಿರುಗಿಸುವುದೇ ಅಷ್ಟು. ನಂಬಿಕೆಯಾಗದೆ ಮತ್ತೆ ಮತ್ತೆ ನೋಡಿದೆ. ಹರಳಿನ ತೂಕ ಹಾಕಿ ಲೆಕ್ಕ ಮಾಡಿದೆ. ಔಷಧಿಗಳ ಗ್ರಂಥದಲ್ಲಿ ಎಷ್ಟು ಇರಬೇಕೆಂದು ಬರೆದಿತ್ತೋ ಅಷ್ಟು. ಎಡಮುರಿಯ ಸುಳಿವೂ ಇಲ್ಲ.

ನಾನು ಅಲ್ಲೇ ಮೇಜಿಗೆ ಹಣೆ ಆನಿಸಿ ಅತ್ತುಬಿಟ್ಟೆ. ಅವರು ಗಾಬರಿಯಾಗಿ ಎದ್ದು ಬಂದರು. ಎಲ್ಲವನ್ನೂ ಹೇಳಿದೆ, ಪಾಠದ ಸಾಲು, ಬಂಟ್ವಾಳದ ಚೀಟಿ, ಇಷ್ಟು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡ ಹೆದರಿಕೆ, ಎಲ್ಲ. "ಅದರಲ್ಲಿ ಕಣ್ಣು ತೆಗೆಯುವುದು ಬೆರೆತಿಲ್ಲ. ಶುದ್ಧ ಬಲಮುರಿ. ನಿಮಗೇನೂ ಆಗುವುದಿಲ್ಲ," ಎಂದೆ.

"ಹಾಗಾದರೆ ಮಾತ್ರೆ ಒಳ್ಳೆಯದೇ?"

"ಒಳ್ಳೆಯದೇ."

"ಮತ್ತೆ ಯಾಕೆ ಅಳುವುದು ಮಾರಾಯ್ತಿ? ಕಣ್ಣು ಒರೆಸಿಕೋ, ಹೋಗುವ. ಬೆಳ್ತಂಗಡಿ ಬಸ್ಸು ತಪ್ಪುತ್ತದೆ."

ಸೆರಗಿನಿಂದ ಕಣ್ಣೊರೆಸಿಕೊಂಡೆ. ಒರೆಸಿಕೊಳ್ಳುವಾಗ ಸೆರಗು ಕಣ್ಣ ಮುಂದೆ ಬಂತು. ಅದು ಕೆಸರಿನ ಬಣ್ಣಕ್ಕೆ, ಹೆಚ್ಚುಕಡಿಮೆ ಕಪ್ಪಿಗೆ ತಿರುಗಿತ್ತು. ಸೋಡಿಯಂ ದೀಪದ ಬೆಳಕಿನಲ್ಲಿ ಇರುವುದು ಹಳದಿ ಒಂದೇ. ಅದರಡಿಯಲ್ಲಿ ಕೆಂಪು ಸತ್ತುಹೋಗುತ್ತದೆ. ತುಟಿ ಕಪ್ಪಾಗುತ್ತದೆ, ಕುಂಕುಮ ಮಸಿಯಾಗುತ್ತದೆ, ಮನುಷ್ಯರ ಮುಖ ಹೆಣದ ಮುಖದ ಹಾಗೆ ಕಾಣುತ್ತದೆ. ಪ್ರತಿ ವರ್ಷ ಹೊಸ ಮಕ್ಕಳು ಆ ಕೋಣೆಗೆ ಬಂದ ಕೂಡಲೇ ಕಿರುಚುತ್ತಾರೆ, ಅಯ್ಯೋ ನನ್ನ ಬಳೆ ನೋಡು, ನಿನ್ನ ಚೂಡಿದಾರ ನೋಡು ಎಂದು. ಅಟೆಂಡರ್ ಕೂಡ ಮೊದಲ ದಿನ ತನ್ನ ಕೆಂಪು ಅಂಗಿ ನೋಡಿಕೊಂಡು ಬೊಬ್ಬೆ ಹೊಡೆದಿದ್ದ. ಕೆಂಪಿನಲ್ಲಿ ಕೆಂಪು ಬೇರೆ ಮಾಡಿ ಹೊಟ್ಟೆ ಹೊರೆದ ಮನುಷ್ಯ ಇಷ್ಟು ಹೊತ್ತಿನಿಂದ ನನ್ನ ಎದುರಿಗೆ ಕೂತಿದ್ದರು. ದೀಪ ಹಳದಿ ಎಂದರು. ಸೀರೆಯ ವಿಷಯ ಒಂದು ಮಾತೂ ಆಡಿರಲಿಲ್ಲ.

ಕೇಳಬಾರದೆಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ಕೇಳಿದೆ.

"ನನ್ನ ಸೀರೆ ಈ ಬೆಳಕಿನಲ್ಲಿ ಹೇಗೆ ಕಾಣ್ತದೆ?"

"ಹೇಗೆ ಅಂದರೆ? ಬೆಳಿಗ್ಗೆ ಮನೆಯಲ್ಲಿ ಇದ್ದ ಹಾಗೆಯೇ ಉಂಟಲ್ಲ," ಎಂದರು.

ಅವರ ಕೈ ಹಿಡಿದು ವರಾಂಡಕ್ಕೆ ಎಳೆದುಕೊಂಡು ಬಂದೆ. ಹೊರಗೆ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ನನ್ನ ಮೈಮೇಲೆ ಸೀರೆ ಬೆಂಕಿ ಹೊತ್ತಿಕೊಂಡಂತೆ ಕೆಂಪಾಯಿತು. "ಈಗ?" ಎಂದೆ. ಅವರು ಸೀರೆಯನ್ನು ನೋಡಿದರು. ನನ್ನ ಮುಖ ನೋಡಿದರು. ತಾನು ಎಲ್ಲಿ ಎಡವಿದೆ ಎಂದು ಅವರಿಗೂ ಅಲ್ಲಿ ತಿಳಿಯಿತು. ಬ್ಯಾಗು ನೆಲಕ್ಕಿಟ್ಟು ಮೆಟ್ಟಿಲ ಮೇಲೆ ಕೂತರು.

"ಸುಮಾರು ದಿನ ಆಯ್ತು," ಎಂದರು. "ಮೊದಲು ಪುನರ್ಪುಳಿ ಹೋಯಿತು. ಆಮೇಲೆ ಒಂದೊಂದಾಗಿ ಎಲ್ಲ ಕೆಂಪೂ ಮಣ್ಣಾಯಿತು. ಹಸಿರೂ ಹಾಗೇ. ಏನು ನೋಡಿದರೂ ನಡುವಿನಲ್ಲಿ ಒಂದು ಮಂಜು. ಯಾವ ಕಣ ಯಾವ ಅಟ್ಟಿಯಲ್ಲಿ ಉಂಟು ಅಂತ ಬಾಯಿಪಾಠ ಉಂಟಲ್ಲ, ಹಾಗೆ ನಡೀತಾ ಇತ್ತು. ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿಯುವುದು ಸುಮ್ಮನೆ. ಗಿರಾಕಿಯ ಮುಖ ನೋಡಿದರೆ ಗೊತ್ತಾಗ್ತದೆ, ಹೊಂದಿತಾ ಇಲ್ಲವಾ ಅಂತ."

"ನನಗೆ ಯಾಕೆ ಹೇಳಲಿಲ್ಲ?" ನನ್ನ ಸ್ವರ ಎಲ್ಲಿಗೆ ಏರಿತ್ತೋ, ಕೆಳಗೆ ವಾಚ್‌ಮ್ಯಾನ್ ತಲೆಯೆತ್ತಿ ನೋಡಿದ.

"ಹೇಳಿದರೆ ನೀನು ಮಾತ್ರೆ ನಿಲ್ಲಿಸ್ತೀಯ. ನಿಲ್ಲಿಸಿದರೆ ಗಂಟು ಪುನಃ ಬರ್ತದೆ." ಅವರು ನೆಲ ನೋಡುತ್ತಾ ಹೇಳಿದರು. "ಅಪ್ಪ ಹೋದದ್ದನ್ನು ನಾನು ಕಂಡಿದ್ದೇನೆ. ಬಣ್ಣ ಹೋದರೆ ಹೋಗಲಿ, ಜೀವ ಇರಲಿ ಅಂತ."

ನನಗೆ ಅವರ ಮೇಲೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಅವರ ಕಾಲ ಬಳಿ ಕೂತು ತಬ್ಬಿಕೊಂಡು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ದೀಪ ಆರಿಸಿ, ಕೋಣೆಗೆ ಬೀಗ ಹಾಕಿ, ತಂಗಿಗೆ ಬರುವುದಿಲ್ಲ ಎಂದು ಫೋನ್ ಮಾಡಿ, ಒಂದು ಕಾರು ಗೊತ್ತುಮಾಡಿ ಬಂಟ್ವಾಳಕ್ಕೆ ಹೋದೆವು.

ಕಣ್ಣಿನ ಡಾಕ್ಟರು ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹೆಂಗಸು. ಬಣ್ಣದ ಚುಕ್ಕೆಗಳ ಒಂದು ಪುಸ್ತಕ ತೆರೆದು ಮನೆಯವರ ಮುಂದೆ ಹಿಡಿದರು. ಚುಕ್ಕೆಗಳ ನಡುವೆ ಅಂಕೆಗಳು. ನಾನು ಹಿಂದೆ ಕೂತು ಒಂದೊಂದನ್ನೂ ಓದುತ್ತಿದ್ದೆ, ಪುಟದಿಂದ ಎದ್ದು ಬರುವಷ್ಟು ಸ್ಪಷ್ಟ. ಅವರು ಮೊದಲ ಪುಟದ ಅಂಕೆ ಹೇಳಿದರು. ಆಮೇಲಿನವುಗಳಿಗೆ, "ಚುಕ್ಕೆ ಉಂಟು," ಎಂದರು. ಪ್ರತಿ ಪುಟಕ್ಕೂ ಅದೇ, "ಚುಕ್ಕೆ ಉಂಟು." ಪರೀಕ್ಷೆಯಲ್ಲಿ ಉತ್ತರ ಬಾರದ ಮಕ್ಕಳ ಪಕ್ಕ ನಿಂತು ಎಷ್ಟು ಸಲ ಬೈದಿದ್ದೇನೆ. ಆವತ್ತು ಹಿಂದಿನಿಂದ ಪಿಸುಗುಟ್ಟಿ ಉತ್ತರ ಹೇಳಿಕೊಡುವ ಆಸೆಯಾಯಿತು.

"ಈ ಮಾತ್ರೆ ಇವತ್ತೇ ನಿಲ್ಲಿಸಬೇಕು," ಎಂದರು ಡಾಕ್ಟರು. ಆಗ ನಾನು ಆಡಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. "ಆದರೆ ಡಾಕ್ಟ್ರೇ, ನಾನೇ ಪರೀಕ್ಷೆ ಮಾಡಿದ್ದೇನೆ. ಅದರಲ್ಲಿ ಎಡಮುರಿ ಇಲ್ಲ. ಶುದ್ಧ ಉಂಟು."

ಆಕೆ ಬೈಯಲಿಲ್ಲ, ನಗಲೂ ಇಲ್ಲ. "ಶುದ್ಧವೇ ಇರಬಹುದು ಮೇಡಂ. ಶುದ್ಧ ಔಷಧಿಯೇ ಕೆಲವರ ಕಣ್ಣಿನ ನರಕ್ಕೆ ಹೀಗೆ ಮಾಡ್ತದೆ. ಎಲ್ಲರಿಗೂ ಅಲ್ಲ. ಯಾರಿಗೆ ಅಂತ ಮೊದಲೇ ಹೇಳ್ಲಿಕ್ಕೆ ಆಗುವುದಿಲ್ಲ. ಬೇಗ ನಿಲ್ಲಿಸಿದರೆ ತುಂಬ ಜನರಿಗೆ ವಾಪಸು ಬರ್ತದೆ. ಕೆಲವರಿಗೆ ಬರುವುದಿಲ್ಲ. ತಿಂಗಳುಗಟ್ಟಲೆ ಕಾಯಬೇಕು."

ಹಾಗಾದರೆ ನನ್ನ ಪಾಠ? ಬಲಮುರಿ ಗುಣಪಡಿಸುತ್ತದೆ, ಎಡಮುರಿ ಕಣ್ಣು ತೆಗೆಯುತ್ತದೆ, ಹೀಗೆ ನೀಟಾಗಿ ಎರಡು ಪಾಲು ಮಾಡಿಟ್ಟ ಸಾಲು ಅದು. ಕೈಯ ಭೇದ ಸುಳ್ಳಲ್ಲ. ತಪ್ಪು ಕೈಯ ಅಣು ಹಾನಿ ಮಾಡುವುದು ನಿಜವೇ, ಅದಕ್ಕಾಗಿಯೇ ಅಷ್ಟು ಎಚ್ಚರದಿಂದ ಒಂದೇ ಕೈಯದ್ದನ್ನು ತಯಾರಿಸುತ್ತಾರೆ. ಸರಿಯಾದ ಕೈಯಿಂದಲೂ ಹೀಗಾಗಬಹುದು ಎಂದು ಮಾತ್ರ ನಾನು ಯೋಚಿಸಿರಲಿಲ್ಲ. ಅಲ್ಲಿಯವರೆಗೆ ನನ್ನ ಹೆದರಿಕೆಗೆ ಒಂದು ವಿಳಾಸ ಇತ್ತು, ಯಂತ್ರಕ್ಕೆ ಕಣ್ಣಿಟ್ಟು ಇದೆಯೇ ಇಲ್ಲವೇ ಎಂದು ನೋಡಬಹುದಿತ್ತು. ಬಂಟ್ವಾಳದಿಂದ ವಾಪಸು ಬರುವಾಗ ಅದೂ ಇರಲಿಲ್ಲ.

ಕ್ಷಯದ ಡಾಕ್ಟರು ಔಷಧಿ ಬದಲಿಸಿದರು. ಈಗ ನನಗೆ ಎರಡು ಕಡೆ ಕಾವಲು. ಬೆಳಿಗ್ಗೆ ಅಂಗಿಯ ಕಾಲರ್ ಸರಿ ಮಾಡುವ ನೆವದಲ್ಲಿ ಅವರ ಕುತ್ತಿಗೆ ಮುಟ್ಟಿ ನೋಡುತ್ತೇನೆ, ಗಂಟು ಮತ್ತೆ ಎದ್ದಿದೆಯಾ ಎಂದು. ಅವರಿಗೂ ಗೊತ್ತು, ಸುಮ್ಮನೆ ತಲೆ ಎತ್ತಿ ನಿಂತುಕೊಳ್ಳುತ್ತಾರೆ. ಕಾಲೇಜು ಬಿಟ್ಟ ಮೇಲೆ ಅಂಗಡಿಗೆ ಹೋಗಿ ಕೂರುತ್ತೇನೆ. ಅವರು ಕಣ ಎಳೆದು ನನ್ನ ಮುಂದೆ ಹಾಕುತ್ತಾರೆ, ನಾನು ಸೆರಗಿಗೆ ತಾಗಿಸಿ ನೋಡಿ ಹೂಂ ಎನ್ನುತ್ತೇನೆ, ಅಥವಾ ತಲೆಯಾಡಿಸುತ್ತೇನೆ. ನನಗೆ ಈ ಕೆಲಸದಲ್ಲಿ ಕೈಗುಣವಿಲ್ಲ. "ಮೇಡಂ ಪಾಠ ಮಾಡುವುದು ಬಿಟ್ಟು ವ್ಯಾಪಾರಕ್ಕೆ ಇಳಿದ್ರಾ?" ಎಂದು ಹೆಂಗಸರು ತಮಾಷೆ ಮಾಡುತ್ತಾರೆ. ಇಬ್ಬರೂ ನಗುತ್ತೇವೆ.

ಎರಡು ಸಲ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದೆವು. ಮೊದಲ ಸಲ ಏನೂ ವ್ಯತ್ಯಾಸವಿಲ್ಲ. ಎರಡನೆಯ ಸಲ ಮಂಜು ಕಡಿಮೆಯಾಗಿದೆ, ಅಕ್ಷರ ಒಂದು ಸಾಲು ಹೆಚ್ಚು ಓದಿದ್ದಾರೆ, ಆದರೆ ಬಣ್ಣದ ವಿಷಯ ಈಗಲೇ ಹೇಳುವ ಹಾಗಿಲ್ಲ ಎಂದರು. ಇನ್ನು ಯಾವುದನ್ನೂ ನನ್ನಿಂದ ಮುಚ್ಚಿಡುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದಾರೆ. ಮಾತು ಕೊಟ್ಟ ಮೇಲೆ ಕಣ್ಣಿನ ವಿಷಯ ಕೇಳಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಾರೆ.

ಹೋದ ಭಾನುವಾರ ಅಡುಗೆಮನೆಯಲ್ಲಿ ಸುವರ್ಣಗೆಡ್ಡೆ ಹೆಚ್ಚುತ್ತಿದ್ದೆ. ಮೆಟ್ಟುಕತ್ತಿಗೆ ತಾಗಿ ಬೆರಳು ಆಳವಾಗಿ ಕೊಯ್ದುಹೋಯಿತು. ನೋವಿಗಿಂತ ಮೊದಲು ರಕ್ತವೇ ಕಂಡಿತು. ನನ್ನ ಸೀರೆಯ ಮೇಲೂ ಬಿಳಿ ಟೈಲ್ಸಿನ ಮೇಲೂ ಹನಿ ಹನಿಯಾಗಿ ಬಿದ್ದು ಹರಿಯಿತು. ನನ್ನ ಕೂಗು ಕೇಳಿ ಅವರು ಓಡಿ ಬಂದರು. ಕೈ ಹಿಡಿದು ನಲ್ಲಿಯ ಕೆಳಗೆ ಒಡ್ಡಿ, ಒಂದು ಹಳೆಯ ಬಿಳಿ ಪಂಚೆಯ ಅಂಚು ಹರಿದು ಸುತ್ತತೊಡಗಿದರು. ಬಟ್ಟೆ ಒದ್ದೆಯಾಗುತ್ತಾ ಬಂತು.

"ಯಾವ ಬಣ್ಣ?" ಎಂದು ಕೇಳಿಬಿಟ್ಟೆ.

"ರಕ್ತ ಯಾವ ಬಣ್ಣ ಇರ್ತದೆ ಮಾರಾಯ್ತಿ? ಕೆಂಪು."

"ಅದು ಎಲ್ಲರಿಗೂ ಗೊತ್ತುಂಟು. ನಿಮಗೆ ಕಾಣ್ತದಾ?"

ಅವರ ಕೈ ನಿಂತಿತು. ಬಗ್ಗಿ ಬಟ್ಟೆಯನ್ನೇ ನೋಡಿದರು, ನೋಡುತ್ತಲೇ ಇದ್ದರು. ರಕ್ತ ಬಟ್ಟೆಯ ಹೊರಗೆ ಬಂದು ಅವರ ಬೆರಳಿಗೂ ತಾಗಿತು. ಆಮೇಲೆ ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದರು.

"ಟಿ.ಟಿ. ಇಂಜೆಕ್ಷನ್ ಹಾಕಿಸಬೇಕು," ಎಂದರು. "ಸೀರೆ ಬದಲಿಸು, ಹೋಗುವ."